ಗಾಜಿನ ಬೊಗಸೆ

ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಬಂದಾಗ ಗಂಗಕ್ಕ ತುಳಸಿಗೆ ನೀರೆರೆಯುತ್ತಿದ್ದಳು. ತದಡಿಯ ದೋಣಿಕಾರ ವೆಂಕಟ ಬೇಲಿಯ ದಣಪೆಯ ಹೊರಗೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಎಂತ ಆತು ವೆಂಕಟಾ? ನಮ್ಮ ತಮ್ಮ ಎಲ್ಲಿ?"

ವೆಂಕಟ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದ. ಅವಳಿಗೆ ಅಷ್ಟರಲ್ಲೇ ಗೊತ್ತಾಯಿತು.

"ಉಳಿದವರೆಲ್ಲ ಈಜಿ ದಡ ಸೇರಿದ್ರು ಅಕ್ಕಾ. ಚೀಲ ಬಿಡಾ ಮಾರಾಯಾ ಅಂತ ಅರುಣಂಗೆ ಕೂಗಿ ಕೂಗಿ ಹೇಳ್ದೆ. ಬಿಡ್ಲೇ ಇಲ್ಲ."

ಚೀಲದಲ್ಲಿ ಇದ್ದದ್ದು ಓಂ ಬೀಚಿನ ಹೋಟೆಲುಗಳಿಂದ ಆಯ್ದು ತಂದ ಖಾಲಿ ಬಿಯರ್ ಬಾಟಲಿ. ಎರಡು ಸಾವಿರದ ಒಂದನೆಯ ಇಸವಿ, ಭಾದ್ರಪದ. ಸಂಜೆಗೆ ಶವ ಸಿಕ್ಕಿತು. ಅರುಣನ ಹೆಂಡತಿ ರಂಜಿತಾ ಅಳಲಿಲ್ಲ, ಬಾಗಿಲ ಬಳಿ ಗೋಡೆ ಹಿಡಿದು ನಿಂತೇ ಇದ್ದಳು. ಗಂಗಕ್ಕ ಮಾತ್ರ ಹಿತ್ತಲಿಗೆ ನಡೆದು, ಭಟ್ಟಿಯ ಮಾಡಿನ ಹೊರಗೆ ರಾಶಿ ಹಾಕಿದ್ದ ಬಾಟಲಿಗಳನ್ನು ಕಾಲಿನಿಂದ ಒದ್ದಳು.

ಅದು ಕುಮಟೆಯ ಕಂಚುಗಾರರ ಮನೆ. ಹೊನ್ನಾವರ, ಭಟ್ಕಳದ ದೇವಸ್ಥಾನಗಳಿಗೆ ತಲೆಮಾರುಗಳಿಂದ ಗಂಟೆ ಎರೆದುಕೊಟ್ಟವರು. ಎಳೆವಯಸ್ಸಿನಲ್ಲೇ ವಿಧವೆಯಾಗಿ ತವರಿಗೆ ಬಂದ ಗಂಗಕ್ಕ, ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದಳು. ಅಂಥ ತಮ್ಮ ಗೋಕರ್ಣದಲ್ಲಿ ಪರದೇಶದವನೊಬ್ಬನ ಬಳಿ ಎರಕದ ಗಾಜಿನ ಗೊಂಬೆ ನೋಡಿ ಬಂದವನು, ಕಂಚು ಹರಿಯುವ ಅಚ್ಚಿನಲ್ಲಿ ಗಾಜು ಯಾಕೆ ಹರಿಯಬಾರದು ಎಂದು ಹಟ ಹಿಡಿದ. ಎರೆದದ್ದೆಲ್ಲ ಒಡೆಯಿತು. ಒಡೆದಷ್ಟೂ ಅವನ ಹಟ ಬಲಿಯಿತು.

"ದೇವರ ಗಂಟೆ ಎರೆದ ಭಟ್ಟಿಯಲ್ಲಿ ಕುಡುಕರ ಬಾಟ್ಲಿ ಕರಗಿಸೂಕೆ ಹತ್ತಿದ್ಯಾ?" ಎಂದು ಅಕ್ಕ ಕುಟುಕಿದರೆ ಅವನು ನಗುತ್ತಿದ್ದ. "ಬೆಂಕಿಗೆ ಬಿದ್ದ ಮೇಲೆ, ಯಾರು ಕುಡಿದದ್ದು ಅಂತ ಗಾಜು ನೆನಪಿಡ್ತದ್ಯಾ ಅಕ್ಕಾ?"

ಅವನು ಗಾಜು ಕರಗಿಸತೊಡಗಿದ ದಿನದಿಂದ ಅವಳು ಆ ಮಾಡಿನೊಳಗೆ ಕಾಲಿಟ್ಟಿರಲಿಲ್ಲ.

ಉತ್ತರಕ್ರಿಯೆಗಳು ಮುಗಿದ ಮೇಲೆ ರಂಜಿತಾ ಅಲ್ಲಿಂದ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ತಂದು ಗಂಗಕ್ಕನ ಮುಂದಿಟ್ಟಳು. ಜೇನುಮೇಣದ ಬೊಗಸೆ. ಎರಡು ಅಂಗೈ ಜೋಡಿಸಿ ನೀರು ಹಿಡಿದಂತಿತ್ತು, ನಡುವೆ ಬತ್ತಿ ಇಡಲು ಒಂದು ಗುಳಿ. ಅರುಣ ಮೇಣವನ್ನು ತನ್ನ ಕೈಗಳಿಗೇ ಒತ್ತಿ ಮಾಡಿದ್ದ. ಅಂಗೈಯ ಗೆರೆಗಳೆಲ್ಲ ಇದ್ದವು. ಹುಡುಗನಾಗಿದ್ದಾಗ ಕಾದ ಕಂಚು ಸಿಡಿದು ಎಡ ಹೆಬ್ಬೆರಳಿಗೆ ಬಿದ್ದ ಕಲೆಯೂ ಇತ್ತು. ಆ ಗಾಯಕ್ಕೆ ಬೆಣ್ಣೆ ಹಚ್ಚಿದವಳು ಗಂಗಕ್ಕನೇ.

"ಇದನ್ನ ಗಾಜಿನಲ್ಲಿ ಎರೆದು ದೇವರ ಮುಂದೆ ದೀಪ ಹಚ್ಚೂಕೆ ಅಕ್ಕನಿಗೆ ಕೊಡ್ತೆ, ಆಗಾದ್ರೂ ಬೈಯೂದು ಬಿಡ್ತಾಳೆ ಅಂತಿದ್ರು," ಎಂದಳು ರಂಜಿತಾ.

ಗಂಗಕ್ಕ ಅದನ್ನು ದೇವರ ಮಾಡದಲ್ಲಿಟ್ಟಳು. ಸುಟ್ಟು ಬೂದಿಯಾದ ಕೈ, ಗೆರೆಯೂ ಕಲೆಯೂ ಸಹಿತ, ಅವಳ ಕಣ್ಣ ಮುಂದಿತ್ತು. ಇನ್ನೊಂದಿಲ್ಲ, ಇನ್ನು ಆಗುವುದೂ ಇಲ್ಲ.

ಆದರೆ ಚೈತ್ರ ಕಳೆಯುವುದರೊಳಗೆ ಸೆಕೆ ಏರಿತು. ಒಂದು ಮಧ್ಯಾಹ್ನ ನೋಡಿದರೆ ಮೇಣದ ಕಿರುಬೆರಳು ಬಾಗಿದೆ! ಇಬ್ಬರೂ ಓಡಿ ಅದನ್ನು ತಪ್ಪಲೆಯಲ್ಲಿಟ್ಟು ಬಾವಿಯೊಳಗೆ ನೀರಿನ ಮೇಲೆ ತೂಗುಬಿಟ್ಟರು.

"ಎರೆದುಬಿಡುವ ಅತ್ತಿಗೆ," ಎಂದಳು ರಂಜಿತಾ.

"ಮಣ್ಣು ಮೆತ್ತಿ ಮೇಣ ಕರಗಿಸಿದ ಮೇಲೆ, ಆ ಅಚ್ಚಿಗೆ ಎರೆದ ಗಾಜೂ ಒಡೆದ್ರೆ? ಎರಡೂ ಹೋತು!"

"ಬಾವೀಲಿ ಎಷ್ಟು ದಿನ ಇಡ್ತ್ರಿ? ಮಳೆ ಹಿಡಿಯೂದ್ರೊಳಗೆ ಮುದ್ದೆ ಆಗ್ತದೆ."

ಅದೂ ನಿಜವೇ. ಮೊದಲು ಬೇರೆ ಸಣ್ಣ ಬಟ್ಟಲುಗಳನ್ನು ಎರೆದು ಕೈ ಪಳಗಿಸಿಕೊಳ್ಳುವುದು, ಆಮೇಲೆ ಬೊಗಸೆ ಎಂದು ಒಪ್ಪಂದವಾಯಿತು. ಗಂಗಕ್ಕ ಮಾಡಿನೊಳಗೆ ಕಾಲಿಟ್ಟಳು. ಬಾಟಲಿ ತರುವ ಕೆಲಸ ನೆರೆಮನೆಯ ಸುಬ್ಬಿ ವಹಿಸಿಕೊಂಡಳು.

ಮೊದಲ ಬಟ್ಟಲಿಗೆ ಹಸಿರು ಬಾಟಲಿಯ ಚೂರಿನ ಜತೆ ಭಟ್ಕಳದ ಗಾಜಿನಂಗಡಿಯಿಂದ ತಂದ ಕಿಟಕಿಯ ಚೂರೂ ಸೇರಿತು. ಎರಡು ಗಾಜು ಕೂಡಿದ ಕಡೆಯಲ್ಲೇ ಅದು ಸೀಳಿತು.

"ಸೀಳದೆ ಎಂತ ಆಗ್ತದೆ?" ಎಂದಳು ಸುಬ್ಬಿ. "ಆ ಊರಿಂದೊಂದು, ಈ ಊರಿಂದೊಂದು ತಂದು ಒಂದೇ ಮಡಕೆಗೆ ತುಂಬಿದ್ರಿ. ನಾನೂ ನನ್ನ ಸೊಸೆಯೂ ಒಂದೇ ಒಲೆ ಮುಂದೆ ಕೂತ ಹಾಗೆ!"

ಅರುಣ ಹೋದ ಮೇಲೆ ರಂಜಿತಾ ನಕ್ಕದ್ದು ಅದೇ ಮೊದಲು.

ಎರಡನೆಯದನ್ನು ಒಂದೇ ಜಾತಿಯ ಹಸಿರು ಬಾಟಲಿಯಿಂದ ಎರೆದರು. ಕಂಚಿನ ರೂಢಿಯಂತೆ ಗಂಗಕ್ಕ ಮರುದಿನವೇ ಅಚ್ಚು ಒಡೆದಳು. ಬಟ್ಟಲು ಇಡಿಯಾಗಿ ಬಂತು. ಇಬ್ಬರೂ ಊಟಕ್ಕೆ ಕುಳಿತಾಗ ಹಲಗೆಯ ಮೇಲಿದ್ದದ್ದು ಯಾರೂ ಮುಟ್ಟದೆ ಪಟ್ಟನೆ ಬಿರಿಯಿತು. ಗಾಜು ಹೊರಗೆ ತಣಿದರೂ ಒಳಗೆ ತಣಿದಿರುವುದಿಲ್ಲ. ಭಟ್ಟಿಯ ಬಾಯಿಗೆ ಮಣ್ಣು ಮೆತ್ತಿ, ತಾನಾಗಿ ಆರುವ ತನಕ ವಾರಗಟ್ಟಲೆ ಕಾಯಬೇಕು.

ಮೂರನೆಯದಕ್ಕೆ ಬಾಯಿ ಮೆತ್ತಿದರು. ಅಂದು ಸಂಜೆ ಗಂಗಕ್ಕ ಮಿಂದು, ತಂಬಿಗೆಯಲ್ಲಿ ತುಳಸಿ ಹಾಕಿದ ನೀರು ತಂದು ಭಟ್ಟಿಯ ಮೇಲೆ ಚಿಮುಕಿಸಿದಳು. ಆ ಮನೆಯಲ್ಲಿ ಅದಕ್ಕೆ ಬೆಂಕಿ ಇಳಿಸುವುದು ಎನ್ನುತ್ತಿದ್ದರು. ಎರಕ ಮುಗಿದ ಸಂಜೆ ಹಿರಿಯರಾದವರು ನೀರು ಚಿಮುಕಿಸಿ, ಕೆಲಸವಾಯಿತು, ಶಾಂತನಾಗು ತಂದೆ ಎಂದು ಅಗ್ನಿಗೆ ಕೈಮುಗಿಯಬೇಕು. ಕಾದ ಇಟ್ಟಿಗೆಯ ಮೇಲೆ ನೀರು ಚುರ್ ಎಂದಿತು. ಮರುಕ್ಷಣ ಒಳಗಿನಿಂದ ಟಿಣ್ ಎಂಬ ಸದ್ದು.

ರಂಜಿತಾ ಓಡಿ ಬಂದಳು. ತಂಬಿಗೆ ನೋಡಿದಳು.

"ನೀರು ಹಾಕಿದ್ರಾ?"

"ಹಾಕದೆ? ಬೆಂಕಿ ಇಳಿಸದೆ ನಮ್ಮನೇಲಿ ಯಾರೂ ಅಚ್ಚು ಒಡೆದದ್ದಿಲ್ಲ."

"ಕಂಚು ತಡೀತದೆ, ಗಾಜು ತಡೆಯೂದಿಲ್ಲ. ಬೊಗಸೆಗೂ ಹೀಗೇ ಮಾಡ್ತ್ರಾ?"

ಗಂಗಕ್ಕನ ಎದೆಯಲ್ಲಿ ತಿಂಗಳುಗಳಿಂದ ಕುದಿಯುತ್ತಿದ್ದದ್ದು ಬಾಯಿಗೆ ಬಂತು. "ಇಳಿಸದ ಬೆಂಕಿ ಮನೆಯವರನ್ನೇ ಬೇಡ್ತದೆ ಹೆಣ್ಣೇ! ಅರುಣ ಗಾಜಿಗೆ ಒಂದು ದಿನವಾದ್ರೂ ಬೆಂಕಿ ಇಳಿಸಿದ್ನಾ? ಎಂತ ಆತು ನೋಡಿದ್ಯಲ್ಲ?"

ರಂಜಿತಾ ತಂಬಿಗೆ ಕಿತ್ತುಕೊಂಡಳು. "ಅವರು ಹೋದದ್ದು ನೀರಲ್ಲಿ ಅತ್ತಿಗೆ."

ಎರಡು ದಿನ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು. ಮೂರನೆಯ ಬೆಳಿಗ್ಗೆ ಬಾವಿಯಿಂದ ತಪ್ಪಲೆ ಎಳೆದು ನೋಡಿದರೆ ಬೊಗಸೆಯ ಉಂಗುರದ ಬೆರಳೂ ಬಾಗತೊಡಗಿತ್ತು. ಗಂಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮಣ್ಣು ಕಲಸು," ಎಂದಳು.

ಮೊದಲ ಲೇಪ ಹಚ್ಚಿದವಳು ಅವಳೇ. ಒಂದೊಂದು ಗೆರೆಯೊಳಗೂ ನಯವಾದ ಮಣ್ಣು ಇಳಿಯುವಂತೆ, ಕೂಸಿನ ಮೈಗೆ ಎಣ್ಣೆ ಹಚ್ಚುವ ಹಾಗೆ. ಅಚ್ಚು ಒಣಗಿದ ಮೇಲೆ ಕಾಯಿಸಿದರು. ತಳದ ತೂತಿನಿಂದ ಮೇಣ ತೊಟ್ಟಿಕ್ಕಿತು. ತಮ್ಮನ ಕೈ ಹನಿ ಹನಿಯಾಗಿ ಹೋಗುವುದನ್ನು ಗಂಗಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಇನ್ನು ಉಳಿದದ್ದು ಮಣ್ಣೊಳಗಿನ ಪೊಳ್ಳು ಮಾತ್ರ.

ಕರಟದ ಇದ್ದಿಲು ಉರಿಯಿತು. ಭಟ್ಟಿಯೊಳಗೆ ಅಚ್ಚಿನ ಮೇಲಿಟ್ಟಿದ್ದ ಮಡಕೆಯ ಗಾಜು ಜೇನಿನಂತೆ ಕರಗಿ ಅಚ್ಚಿಗೆ ಇಳಿಯಿತು. ಬಾಯಿ ಮೆತ್ತಿದರು. ಸಂಜೆಯಾಯಿತು. ಗಂಗಕ್ಕ ಮಿಂದು ತಂಬಿಗೆ ಹಿಡಿದು ಬಂದಳು. ರಂಜಿತಾ ಭಟ್ಟಿಗೆ ಅಡ್ಡ ನಿಂತಳು.

"ಬೇಡ ಅತ್ತಿಗೆ. ನಿಮ್ಮ ಕಾಲು ಹಿಡೀತೆ."

"ಬೆಂಕಿ ಇಳಿಸದಿದ್ರೆ ಅವನ ಆತ್ಮಕ್ಕೆ ಶಾಂತಿ ಹ್ಯಾಂಗೆ ಹೆಣ್ಣೇ?"

"ಇದೂ ಒಡೆದ್ರೆ ನಂಗೆ ಶಾಂತಿ ಹ್ಯಾಂಗೆ?"

ಗಂಗಕ್ಕ ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು. ಇಟ್ಟಿಗೆಯ ಕಾವು ಅವಳ ಮುಖಕ್ಕೆ ಬಡಿಯುತ್ತಿತ್ತು. ಇಂಥದೇ ಕಾವನ್ನು ಅವಳು ಹಿಂದೆ ಮಡಿಲಲ್ಲಿ ಹೊತ್ತಿದ್ದಳು. ಅರುಣ ಮೂರು ವರ್ಷದವನಾಗಿದ್ದಾಗ ಜ್ವರ ಬಂದು ಮೈ ಕೆಂಡವಾಗಿತ್ತು. ಆಗ ಯಾರಾದರೂ ತಣ್ಣೀರು ಹೊಯ್ಯಬಂದಿದ್ದರೆ ಅವರ ಕೈ ಮುರಿಯುತ್ತಿದ್ದಳು. ಜ್ವರ ಬಿಡುವ ತನಕ ಕಾದು, ಬಿಟ್ಟ ಮೇಲೆ ದೇವರಿಗೆ ಕೈಮುಗಿದು ಮೀಯಿಸಿದ್ದಳು. ತಡವಾಯಿತೆಂದು ದೇವರೇನೂ ಮುನಿದಿರಲಿಲ್ಲ.

ಅವಳು ತಂಬಿಗೆಯನ್ನು ನೆಲಕ್ಕಿಟ್ಟಳು.

"ಆತು. ಜ್ವರ ಬಿಡಲಿ. ಆಮೇಲೆ ಮೀಯಿಸ್ತೆ."

ದಿನಾ ಬೆಳಿಗ್ಗೆ ತಂಬಿಗೆಯ ನೀರು ಬದಲಿಸಿ, ಹೊಸ ತುಳಸಿ ಹಾಕಿ ಅಲ್ಲೇ ಇಡುತ್ತಿದ್ದಳು. ಭಟ್ಟಿ ಇನ್ನೂ ಬೆಚ್ಚಗಿದ್ದಾಗಲೇ ಒಂದು ಮಧ್ಯಾಹ್ನ ಕಡಲ ಕಡೆಯಿಂದ ಕಪ್ಪು ಮೋಡ ಏರಿ, ಗಾಳಿ ಮಾಡಿಗೆ ಹೊದಿಸಿದ್ದ ತೆಂಗಿನ ಮಡಲುಗಳನ್ನು ಕಿತ್ತುಹಾಕಿತು.

"ಗಂಗಕ್ಕಾ, ಮಳೆ! ಮಾಡು ಹಾರ್ತು!" ಸುಬ್ಬಿ ಬೇಲಿಯಾಚೆಯಿಂದ ಕಿರುಚಿದಳು.

ದಪ್ಪ ಹನಿ ಬಿದ್ದೇಬಿಟ್ಟಿತು. ರಂಜಿತಾ ಟಾರ್ಪಾಲು ಎಳೆದರೆ ಗಾಳಿ ಕಿತ್ತುಕೊಂಡಿತು. ಗಂಗಕ್ಕ ಮನೆಯೊಳಗೆ ನುಗ್ಗಿ, ಬಚ್ಚಲಿನ ತಾಮ್ರದ ದೊಡ್ಡ ಹಂಡೆಯ ನೀರು ಚೆಲ್ಲಿ ಉರುಳಿಸಿಕೊಂಡು ಬಂದಳು. ಮೂವರೂ ಸೇರಿ ಎತ್ತಿ ಭಟ್ಟಿಯ ಮೇಲೆ ಬೋರಲು ಹಾಕಿದರು. ಬುಡಕ್ಕೆ ನೀರು ನುಗ್ಗದಂತೆ ಗಂಗಕ್ಕ ಕೆಸರಿನಲ್ಲೇ ಕುಳಿತು ಮಣ್ಣಿನ ಬದು ಕಟ್ಟಿದಳು.

"ಬೆಂಕಿಗೆ ನೀರು ಹಾಕೂಕೆ ಜಗಳಾಡಿದವಳು, ಈಗ ನೀರನ್ನೇ ತಡೀತೀಯಲ್ಲೇ!" ಎಂದಳು ಸುಬ್ಬಿ.

"ಬಾಯಿ ಮುಚ್ಚಿ ಮಣ್ಣು ಹಾಕು!"

ಮಳೆ ಹಂಡೆಯ ಮೇಲೆ ಬಡಿಯುವ ಸದ್ದಿನಲ್ಲಿ, ಒಳಗೆ ಟಿಣ್ ಎಂದಿತೋ ಇಲ್ಲವೋ ಯಾರಿಗೂ ಕೇಳಿಸಲಿಲ್ಲ. ಆ ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಬ್ಬರೂ ಮತ್ತೆ ಕಾದರು.

ಇಟ್ಟಿಗೆ ಬಾವಿಯ ಕಟ್ಟೆಯಷ್ಟೇ ತಣ್ಣಗಾದ ಬೆಳಿಗ್ಗೆ ಗಂಗಕ್ಕ ತುಳಸಿನೀರು ಚಿಮುಕಿಸಿ, "ಶಾಂತನಾಗು ತಂದೆ," ಎಂದಳು. ಭಟ್ಟಿ ಸದ್ದು ಮಾಡಲಿಲ್ಲ. ರಂಜಿತಾ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಮಣ್ಣು ಕೆತ್ತಿದಳು. ಹಸಿರು ಹೆಬ್ಬೆರಳು ಕಂಡಿತು. ಅದರ ಮೇಲೆ ಕಲೆ ಕಂಡಿತು. ಬಾಗಿದ ಕಿರುಬೆರಳ ತುದಿಗೆ ಗಾಜು ತಲುಪಿರಲಿಲ್ಲ, ಅಂಗೈಯೊಳಗೆ ಗುಳ್ಳೆಗಳು ನಿಂತಿದ್ದವು. ಬಿರುಕು ಮಾತ್ರ ಎಲ್ಲಿಯೂ ಇರಲಿಲ್ಲ. ರಂಜಿತಾ ಆಗ ಅತ್ತಳು. ಗಂಗಕ್ಕ ಅವಳ ತಲೆಯನ್ನು ತನ್ನ ಎದೆಗೊತ್ತಿಕೊಂಡಳು.

ಅಂದು ಸಂಜೆ ಇಬ್ಬರೂ ತದಡಿಗೆ ಹೋದರು. ಅಳಿವೆಯ ದಡದಲ್ಲಿ ಗಂಗಕ್ಕ ಗಾಜಿನ ಬೊಗಸೆಗೆ ಎಳ್ಳೆಣ್ಣೆ ಹೊಯ್ದು ಬತ್ತಿ ಹಚ್ಚಿದಳು. ಹಸಿರು ಬೆಳಕಿನಲ್ಲಿ ಅಂಗೈಯ ಗೆರೆಗಳು ಎದ್ದು ಕಂಡವು. ಅವಳು ನೀರಿನ ಕಡೆಗೆ ತಿರುಗಿ ಕೈಮುಗಿದಳು.

"ಸ್ವಾಮೀ ಮಹಾಬಲೇಶ್ವರಾ, ನನ್ನ ತಮ್ಮ ಹಿಡಿದದ್ದನ್ನು ಬಿಡದವನು. ಅವನು ಹಿಡಿದ ಕೆಲಸ ಕೈಗೂಡಿತು ತಂದೇ. ಇನ್ನು ಅವನ ಕೈಯ ಭಾರ ಇಳಿಸು. ಬೆಂಕಿ ಅವನಿಗೆ ತಣ್ಣಗಿರಲಿ, ನೀರು ಅವನಿಗೆ ತಾಯಾಗಲಿ. ಅವನ ಆತ್ಮಕ್ಕೆ ಶಾಂತಿ ಕೊಡು."