ನಜ್ಜರೇನಾಳ ಶ್ರುತಿ

ಬೊಲೊನ್ಯಾದಿಂದ ಬಂದ ಇಂಜಿನಿಯರ್ ಒಟ್ಟಾವಿಯೋ ಬಾಗಿಲು ಬಡಿದಾಗ ಎರ್ಸೀಲಿಯಾ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಎಪ್ಪತ್ತೊಂದು ವರ್ಷದ ಅವಳನ್ನು ಹುಡುಕಿಕೊಂಡು ಕ್ಯಾಸ್ಟೆಲ್‌ಫಿದಾರ್ದೊದ ಗುಡ್ಡ ಹತ್ತಿ ಬರುವವರು ಇಬ್ಬರೇ, ಗ್ಯಾಸಿನವನು ಮತ್ತು ಪಾದ್ರಿ. ಇವನು ಆ ಇಬ್ಬರಂತೆಯೂ ಕಾಣಲಿಲ್ಲ.

"ಸಿನ್ಯೋರಾ, ನೀವು ಸಿಂಥಸೈಸರ್ ಫ್ಯಾಕ್ಟರೀಲಿ ಶ್ರುತಿ ಕೂಡಿಸ್ತಿದ್ರಂತಲ್ಲ?"

"ನಲವತ್ತು ವರ್ಷದ ಹಿಂದಿನ ಮಾತು ಕಣಪ್ಪ. ಯಾಕೆ, ಕೆಟ್ಟೋಯ್ತಾ? ಗ್ಯಾರಂಟಿ ಮುಗಿದಿದೆ."

ಕೆಟ್ಟಿರಲಿಲ್ಲ. ಊರಿನವರು ಅಕಾರ್ಡಿಯನ್ ಮಾಡುವ ಕಸುಬು ಬದಿಗಿಟ್ಟು ವಿದ್ಯುತ್ ವಾದ್ಯಗಳಿಗೆ ಕೈಹಾಕಿದ ಕಾಲದಲ್ಲಿ, ಈಗ ಬೀಗ ಬಿದ್ದಿರುವ ಆ ಫ್ಯಾಕ್ಟರಿ ಮೂರು ವರ್ಷ ಒಂದು ಸಿಂಥಸೈಸರ್ ಮಾಡಿತ್ತು. ಒಂದು ಕೀಲಿ ಒತ್ತಿದರೆ ಒಳಗಿನಿಂದ ಮೂರು ನಾದ ಒಟ್ಟಿಗೆ ಹೊರಡುತ್ತಿದ್ದವು. ಮೂರನೆಯದು ಮಾತ್ರ ಕೂದಲೆಳೆಯಷ್ಟು ಕೆಳಗೆ. ಆ ಕೂದಲೆಳೆಗೇ ಈಗಿನ ಸಂಗೀತಗಾರರು ಮರುಳಾಗಿದ್ದರು. ಒಟ್ಟಾವಿಯೋನ ಕಂಪನಿ ಅದೇ ವಾದ್ಯವನ್ನು ಕಂಪ್ಯೂಟರಿನೊಳಗೆ ಕೂರಿಸಲು ಎರಡು ವರ್ಷದಿಂದ ಹೆಣಗುತ್ತಿತ್ತು. ಎಷ್ಟು ಇಳಿದಿದೆ ಎಂದು ಅಳೆದಾಗಿತ್ತು, ಯಾಕೆ ಇಳಿದಿದೆ ಎಂಬುದೇ ಬಗೆಹರಿದಿರಲಿಲ್ಲ. ಸಮುದ್ರದ ತೇವ ಎಂದು ಒಬ್ಬ ಪ್ರೊಫೆಸರ್ ಅರವತ್ತು ಪುಟ ಬರೆದಿದ್ದನಂತೆ.

"ತೇವಾನೂ ಅಲ್ಲ, ಮಣ್ಣೂ ಅಲ್ಲ," ಎಂದಳು ಎರ್ಸೀಲಿಯಾ. "ಅದು ನಜ್ಜರೇನಾ."

"ಅಂದ್ರೆ?"

"ಪಕ್ಕದ ಮೇಜಿನವಳು. ಗುಂಡಿ ಕೂರಿಸ್ತಾ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಹಾಡ್ತಿದ್ಲು. ಎರಡು ನಾದಾನ ಮೀಟರ್ ನೋಡ್ಕೊಂಡು ಕೂಡಿಸ್ತಿದ್ದೆ. ಅಷ್ಟರಲ್ಲಿ ಮೀಟರನ್ನ ಇನ್ನೊಬ್ರು ಕಿತ್ಕೊಂಡು ಹೋಗೋರು. ಮೂರನೇದನ್ನ ಕಿವೀಲೇ ಕೂಡಿಸ್ಬೇಕಿತ್ತು. ಕಿವಿ ತುಂಬ ಅವಳೇ."

ಹೇಳಿಬಿಟ್ಟು ತುಟಿ ಕಚ್ಚಿಕೊಂಡಳು. ನಜ್ಜರೇನಾ ಅವಳ ಜೀವದ ಗೆಳತಿ, ಕೆಳಗಿನ ಮನೆಯಲ್ಲೇ ವಾಸ, ಚರ್ಚಿನ ಗಾಯನ ತಂಡದಲ್ಲಿ ಐವತ್ತು ವರ್ಷದಿಂದ ಹಾಡುತ್ತಿದ್ದವಳು. ನಿನ್ನ ಶ್ರುತಿ ಇಳಿದಿದೆ ಎಂದು ಅವಳಿಗೆ ಹೇಳುವ ಗಂಡೆದೆ ಸತ್ತುಹೋದ ಅವಳ ಗಂಡನಿಗೂ ಇರಲಿಲ್ಲ.

"ಇದನ್ನ ಎಲ್ಲೂ ಬರೀಬೇಡ ಮಾರಾಯ, ನಿನ್ನ ದಮ್ಮಯ್ಯ."

ಒಟ್ಟಾವಿಯೋ ಮಾತು ಉಳಿಸಿಕೊಂಡ. ಕಾರಣವನ್ನು ಎಲ್ಲೂ ಬರೆಯಲಿಲ್ಲ. ಆದರೆ ಅಕ್ಟೋಬರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದು ತೆರೆದಾಗ, ಪರದೆಯ ನಟ್ಟನಡುವೆ ತಿರುಗಿಸುವ ಒಂದು ದಪ್ಪ ಗುಂಡಿ, ಅದರ ಕೆಳಗೆ ಹೆಸರು: ನಜ್ಜರೇನಾ. ಗ್ರಹಚಾರಕ್ಕೆ ಅವಳೂ ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದಳು.

"ಇದು ನನ್ನ ಹೆಸರಲ್ವೇನೇ?" ಎಂದು ಕನ್ನಡಕ ಏರಿಸಿದಳು.

ಒಟ್ಟಾವಿಯೋನ ಮುಖ ಟೊಮೇಟೊ ಆಯಿತು. ಎರ್ಸೀಲಿಯಾಳೇ ಬಾಯಿ ಹಾಕಿದಳು. "ನೀನು ಹಾಡ್ತಿದ್ಯಲ್ಲ ಕಣೇ, ಅದು ಮಿಷಿನ್ನೊಳಕ್ಕೆ ಇಳ್ಕೊಂಡಿದೆಯಂತೆ."

ಸುಳ್ಳೇನೂ ಅಲ್ಲ.

ನಜ್ಜರೇನಾ ಗುಂಡಿಯನ್ನು ಸೊನ್ನೆಗೆ ಇಳಿಸಲು ಹೇಳಿದಳು. ಒಟ್ಟಾವಿಯೋ ಕೀಲಿ ಒತ್ತಿದ. ಮೂರು ನಾದವೂ ಒಂದಾಗಿ, ನೆಟ್ಟಗೆ, ಇಸ್ತ್ರಿ ಹಾಕಿದ ಹಾಗೆ ಬಂದವು.

"ಥೂ, ಆಸ್ಪತ್ರೆ ಸೂಪು. ಈಗ ನನ್ನ ಹಾಕು."

ಅರ್ಧಕ್ಕೆ ಏರಿಸಿದ. ನಾದ ಮೆಲ್ಲಗೆ ಅಲುಗಿತು, ಉಸಿರಾಡಿತು. ಬೆಸುಗೆಯ ಹೊಗೆ, ನಲವತ್ತು ಜನ ಹೆಂಗಸರು, ಮಧ್ಯಾಹ್ನದ ಗಂಟೆ, ಎಲ್ಲವೂ ಒಮ್ಮೆಗೇ ಅಡುಗೆಮನೆಯೊಳಗೆ ನುಗ್ಗಿದಂತಾಗಿ ಎರ್ಸೀಲಿಯಾಳ ಕಣ್ಣು ಹನಿಗೂಡಿತು. ಇಷ್ಟು ವರ್ಷ ಅದು ತನ್ನ ಕೈಯ ತಪ್ಪು ಎಂದೇ ಒಳಗೊಳಗೆ ಅಳುಕುತ್ತಿದ್ದಳು. ಎಷ್ಟು ಚೆನ್ನಾಗಿದೆ ಎಂದು ಕೇಳಿಸಿಕೊಂಡೇ ಇರಲಿಲ್ಲ.

ಭಾನುವಾರದೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಲೋಕವೇ ಮೆಚ್ಚಿದ ಕಂಠವನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಕ್ರಿಸ್‌ಮಸ್ ಬೆಳಗಿನ ಪೂಜೆಯಲ್ಲಿ ತಾನೊಬ್ಬಳೇ ಹಾಡಬೇಕು ಎಂದು ನಜ್ಜರೇನಾ ಪಟ್ಟು ಹಿಡಿದಳು. ತಂಡದ ಮೇಸ್ಟ್ರು ಸವೀನೋ ಎರ್ಸೀಲಿಯಾಳ ಮನೆಗೆ ಓಡಿ ಬಂದ.

"ಅಕ್ಕಾ, ನೀವೇ ಹೇಳಿ ಅವ್ರಿಗೆ. ಆರ್ಗನ್ ಒಂದು ಕಡೆ, ಅವ್ರೊಂದು ಕಡೆ. ಜನ ನಗ್ತಾರೆ."

"ನಾನು ಹೇಳಲ್ಲಪ್ಪ. ಚರ್ಚಿನ ಬೀಗದ ಕೈ ಕೊಡು."

ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ, ಪಾದ್ರಿ ಊಟಕ್ಕೆ ಕೂತ ಹೊತ್ತು ನೋಡಿ, ಎರ್ಸೀಲಿಯಾ ಹಳೆಯ ಸ್ಕ್ರೂಡ್ರೈವರ್ ಹಿಡಿದು ಹೋದಳು. ಆ ಎಲೆಕ್ಟ್ರಿಕ್ ಆರ್ಗನ್ನೂ ಅವಳ ಫ್ಯಾಕ್ಟರಿಯದೇ. ಹಿಂದಿನ ಹಲಗೆ ತೆಗೆದು, ಗೆಳತಿಯ ದನಿಯನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತ, ಇಡೀ ವಾದ್ಯವನ್ನೇ ಅವಳ ಮಟ್ಟಕ್ಕೆ ಇಳಿಸಿದಳು. ಮಂಡಿ ಹಿಡಿದುಕೊಂಡಿತು. ಜೊತೆಗೆ ಬಂದಿದ್ದ ಸವೀನೋ ಕೈಕೊಟ್ಟು ಎಬ್ಬಿಸಿದ.

ಬೆಳಗ್ಗೆ ಚರ್ಚು ಕಿಕ್ಕಿರಿದಿತ್ತು. ಹೊಸ ಸ್ವೆಟರ್ ತೊಟ್ಟ ನಜ್ಜರೇನಾ ಮುಂದೆ ಬಂದಳು. ಆರ್ಗನ್ ಶುರುವಾಯಿತು. ಅವಳು ಬಾಯಿ ತೆರೆದಳು, ಇಳಿಸಿಟ್ಟ ಆರ್ಗನ್ನಿಗಿಂತಲೂ ಸರಿಯಾಗಿ ಕೂದಲೆಳೆಯಷ್ಟು ಕೆಳಗೆ.

ಸವೀನೋ ಕಣ್ಣು ಮುಚ್ಚಿಕೊಂಡ. ಎರ್ಸೀಲಿಯಾ ಕರವಸ್ತ್ರ ಬಾಯಿಗೊತ್ತಿ ಅಲುಗಾಡತೊಡಗಿದಳು. ಅಳುತ್ತಿದ್ದಾಳೆಂದು ತಿಳಿದ ಪಕ್ಕದವಳು ಬೆನ್ನು ಸವರಿ, ತಾನೂ ಅತ್ತಳು. ಹಾಗೇ ಒಂದು ಸಾಲು ಪೂರ್ತಿ ಕಣ್ಣೊರೆಸಿಕೊಂಡಿತು. ಯಾರೂ ನಗಲಿಲ್ಲ.

ಊಟಕ್ಕೆ ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ಗುಡ್ಡ ಹತ್ತುವಾಗ ನಜ್ಜರೇನಾ ನಿಂತಳು.

"ಒಂದು ಮಾತು ಹೇಳ್ಲೇನೇ? ಬೇಜಾರು ಮಾಡ್ಕೋಬೇಡ, ನಮ್ಮ ಫ್ಯಾಕ್ಟರಿ ಮಾಲೇ ಅದು. ಆರ್ಗನ್ ಇವತ್ತು ಸ್ವಲ್ಪ ಏರಿತ್ತು."

"ಹೂಂ ಕಣೇ," ಎಂದಳು ಎರ್ಸೀಲಿಯಾ. "ಏರಿತ್ತು."