ಗರಾಜಿನಾಚೆಯ ಬೂಟು

ಅಕ್ಷಯಾ ಆ ಬೂಟುಗಳನ್ನು ಕೊಳ್ಳುವ ಹೊತ್ತಿಗೆ ಅವಳ ಕಾಲ್ಬೆರಳುಗಳು ಕೆಂಪಗೆ ಬಾತು ತುರಿಸತೊಡಗಿದ್ದವು. ಹುಬ್ಬಳ್ಳಿಯಲ್ಲಿ ಕೊಂಡು ತಂದಿದ್ದ ಕ್ಯಾನ್ವಾಸ್ ಶೂಗಳೊಳಗೆ ಕಾಲುಚೀಲದ ಮೇಲೆ ಕಾಲುಚೀಲ ತುರುಕಿಕೊಂಡು ಚಳಿಗಾಲ ಕಳೆದುಬಿಡಬಹುದೆಂದು ಅವಳು ಎಣಿಸಿದ್ದಳು. ಓದಲೆಂದು ಬಂದಿದ್ದ ಈ ಹಿಮದ ದೇಶದಲ್ಲಿ 2017ರ ಆ ಡಿಸೆಂಬರು ಹಾಗೆಲ್ಲ ಕಳೆದುಹೋಗುವಂಥದ್ದಾಗಿರಲಿಲ್ಲ. ಥಾರ್ನ್‌ಹಿಲ್‌ನ ಮನೆಯಿಂದ ನಡೆದು ಸ್ಟೀಲ್ಸ್ ರಸ್ತೆಯಲ್ಲಿ ಬಸ್ಸಿಗೆ ಕಾದು ಕಾಲೇಜು ಮುಟ್ಟುವಷ್ಟರಲ್ಲಿ ಪಾದಗಳು ತನ್ನವೇ ಅಲ್ಲವೆನ್ನಿಸುತ್ತಿದ್ದವು. ಕಾಲೇಜಾದ ಮೇಲೆ ಕಾಫಿ ಅಂಗಡಿಯ ಕೌಂಟರಿನಲ್ಲಿ ನಿಂತೇ ದುಡಿಯಬೇಕಿತ್ತು.

ಕ್ರಿಸ್‌ಮಸ್ ಮುಗಿದ ಮಾರನೆಯ ದಿನದ ಸೇಲಿನಲ್ಲಿ ಅವಳು ಶಾಪಿಂಗ್ ಮಾಲಿಗೆ ಹೋದಳು. ಕಾಲುಚೀಲ ಬಿಚ್ಚಿಯೇ ಹಾಕಿ ನೋಡು, ಕುರಿಚರ್ಮದ ಬೂಟು ಬರಿಗಾಲಿಗೇ ಚೆಂದ ಎಂದಳು ಅಂಗಡಿಯ ಹುಡುಗಿ. ಅಕ್ಷಯಾ ಪಾದವನ್ನು ಮೆಲ್ಲಗೆ ಒಳಗಿಳಿಸಿದಳು. ದಟ್ಟ ಉಣ್ಣೆ ಬೆರಳ ಸಂದಿಗಳಿಗೆಲ್ಲ ನುಗ್ಗಿ ಹಿಮ್ಮಡಿಯನ್ನು ಹಿಡಿದುಕೊಂಡಿತು. ಬೆಂಚಿನ ಮೇಲೆ ಕೂತಲ್ಲೇ ಅವಳ ಕಣ್ಣು ತುಂಬಿ ಬಂತು. ನೆನೆಸಬೇಡ, ನೆನೆದರೆ ಚರ್ಮ ಬಿರುಸಾಗಿ ಕೆಟ್ಟುಹೋಗುತ್ತದೆ ಎಂದು ಆ ಹುಡುಗಿ ಹೇಳಿದ್ದನ್ನು ಮನಸ್ಸಿಟ್ಟು ಕೇಳಿಸಿಕೊಂಡಳು.

ಅವಳು ಬಾಡಿಗೆಗಿದ್ದ ಬೇಸ್‌ಮೆಂಟಿಗೆ ಹೊರಗಿನಿಂದ ಬೇರೆ ಬಾಗಿಲಿರಲಿಲ್ಲ. ಮನೆಯವರ ಮುಂಬಾಗಿಲಿನಿಂದಲೇ ಬಂದು, ಅಲ್ಲಿನ ಕರಿ ರಬ್ಬರ್ ಟ್ರೇಯಲ್ಲಿ ಬೂಟು ಬಿಟ್ಟು, ಮೆಟ್ಟಿಲಿಳಿದು ಹೋಗಬೇಕು. ಮನೆಯೊಡತಿ ರಾಜಲಕ್ಷ್ಮಿ ಮೈಸೂರಿನವಳು, ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್. ಟ್ರೇಯಲ್ಲಿ ಹೊಸ ಬೂಟು ಕಂಡೊಡನೆ ಒಂದನ್ನು ಎತ್ತಿ ಕೆನ್ನೆಗೇ ಒತ್ತಿಕೊಂಡಳು.

"ಏ, ಎಷ್ಟು ಮುದ್ದಾಗಿದೆ! ಜೆನ್ಯುಯಿನ್ ಶೀಪ್‌ಸ್ಕಿನ್ನಾ? ನಾನೂ ತಗೋಬೇಕು ಅಂತ ಎಷ್ಟು ದಿನದಿಂದ ಅಂದ್ಕೊತಿದೀನಿ. ಸೇಲ್ ಇನ್ನೂ ಇದ್ಯಾ?"

ಒಂದು ವಾರ ಬೂಟುಗಳು ಆ ಟ್ರೇಯಲ್ಲೇ ಇದ್ದವು. ಯಾರಿಗೂ ಏನೂ ತೊಂದರೆಯಾಗಲಿಲ್ಲ.

ಹೊಸ ವರ್ಷದ ರಜೆಯಲ್ಲಿ ಒಂದು ಬೆಳಿಗ್ಗೆ, ಬಾಗಿಲ ಬಳಿ ನಿಂತೇ ಅಕ್ಷಯಾ ಊರಿಗೆ ವಿಡಿಯೋ ಕಾಲ್ ಮಾಡಿ ಬೂಟು ತೋರಿಸಿದಳು. ರಾಣೆಬೆನ್ನೂರಿನ ಹತ್ತಿರದ ಹಳ್ಳಿಯಲ್ಲಿ ಅವಳಜ್ಜಿ ಈರವ್ವ ಫೋನನ್ನು ಮೂಗಿಗೆ ಹಿಡಿದುಕೊಂಡು ಕೂತಿದ್ದಳು.

"ಇದರ ಉಣ್ಣಿ ನಮ್ಮ ಕುರಿ ಉಣ್ಣಿ ಹಂಗ ಚುಚ್ಚಂಗಿಲ್ಲೇನ?"

"ಇಲ್ಲಬೇ, ಹತ್ತಿ ಇದ್ದಂಗ ಐತಿ. ಕಾಕಾಗ ಹೇಳು, ಇಂಥಾ ಕುರಿ ತಂದು ಹಿಂಡಿನಾಗ ಬಿಡಾಕ."

ಅಜ್ಜಿ ನಕ್ಕಳು, ಮೊಮ್ಮಗಳೂ ನಕ್ಕಳು. ಫೋನಿಟ್ಟು ತಿರುಗಿದರೆ ರಾಜಲಕ್ಷ್ಮಿ ಕಾಫಿ ಲೋಟ ಹಿಡಿದು ನಿಂತಿದ್ದಳು.

"ನಿಮ್ಮನೇಲಿ ಕುರಿ ಸಾಕ್ತಾರಾ?"

"ಹೂಂ ರಿ ಆಂಟಿ. ನಮ್ಮ ಕಾಕಾರದು ದೊಡ್ಡ ಹಿಂಡು ಐತ್ರಿ."

"ಓ. ನೀವು ಧಾರವಾಡದ ಕಡೆಯವ್ರು, ಲಿಂಗಾಯತರಿರ್ಬೇಕು ಅಂದ್ಕೊಂಡಿದ್ದೆ. ಅಂದ್ರೆ ನೀವು..."

"ಕುರುಬ್ರು ರಿ."

"ಓಹೋ. ಹಾಗಾ," ಎಂದು ರಾಜಲಕ್ಷ್ಮಿ ನಕ್ಕು ಒಳಗೆ ಹೋದಳು. ಅಕ್ಷಯಾ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಮರುದಿನ ಟ್ರೇಯಲ್ಲಿ ಬೂಟುಗಳಿರಲಿಲ್ಲ.

"ಗರಾಜಲ್ಲಿ ಇಟ್ಟಿದೀನಿ ಪುಟ್ಟಾ," ಎಂದಳು ರಾಜಲಕ್ಷ್ಮಿ. "ದೇವ್ರ ಮನೆ ಗೋಡೆ ಪಕ್ಕಕ್ಕೇ ಇದೆ ನೋಡು, ಚರ್ಮದ್ದು ಬೇಡ ಅಂತ. ಸ್ವಲ್ಪ ವಾಸ್ನೇನೂ ಬರ್ತಿತ್ತು."

"ಸಾರಿ ಆಂಟಿ, ನಂಗ ಗೊತ್ತಾಗ್ಲಿಲ್ರಿ. ಕೆಳಗ ನನ್ನ ರೂಮಿನಾಗ ಇಟ್ಕೊಳ್ಳೇನ್ರಿ?"

"ಬೇಡಮ್ಮ, ಹೀಟಿಂಗ್ ವೆಂಟಲ್ಲಿ ವಾಸ್ನೆ ಮೇಲಕ್ಕೆ ಬರತ್ತೆ."

ಅಕ್ಷಯಾ ಮನೆಗಂಟಿದ ಕಾರಿನ ಗರಾಜಿಗೆ ಹೋಗಿ ಬೂಟಿನೊಳಗೆ ಮುಖವಿಟ್ಟು ಮೂಸಿ ನೋಡಿದಳು. ಹೊಸ ಬೂಟಿನ ವಾಸನೆಯಷ್ಟೇ ಇತ್ತು. ತನ್ನ ಮೂಗಿಗೆ ತಿಳಿಯದಿರಬಹುದು ಎಂದುಕೊಂಡಳು. ಕುರಿಗಳ ನಡುವೆ ಬೆಳೆದವಳಲ್ಲವೇ! ಆ ಕ್ಷಣ ಹಾಗೆ ಯೋಚಿಸಿದ್ದಕ್ಕೆ ಮುಂದೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಗರಾಜಿಗೆ ಹೀಟಿಂಗ್ ಇರಲಿಲ್ಲ. ಬೆಳಿಗ್ಗೆ ಬೂಟು ಹಾಕಿಕೊಂಡರೆ ಫ್ರಿಜ್ಜಿನೊಳಗೆ ಕಾಲಿಟ್ಟಂತೆ ಆಗುತ್ತಿತ್ತು. ರಾಜಲಕ್ಷ್ಮಿ ಆಗಾಗ ಸ್ಟೀಲ್ ಡಬ್ಬಿಯಲ್ಲಿ ಕೆಳಗೆ ಕಳಿಸುತ್ತಿದ್ದ ಸಾರು ಈಗ ಖಾಲಿ ಮೊಸರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂತು. "ವಾಪಸ್ ಕೊಡ್ಬೇಡ, ಎಸೆದುಬಿಡು," ಎಂದೂ ಹೇಳಿ ಕಳಿಸಿದ್ದಳು. ಅಕ್ಷಯಾ ಅದನ್ನೂ ಒಳ್ಳೆಯ ಮನಸ್ಸು ಎಂದೇ ತಿಳಿದಳು.

ಸಂಕ್ರಾಂತಿಯ ವಾರ ಚಳಿ ಏಕಾಏಕಿ ಸಡಿಲಿ ಮಳೆ ಸುರಿಯಿತು. ಶನಿವಾರ ಬೆಳಗಾಗುವಷ್ಟರಲ್ಲಿ ಮತ್ತೆ ಎಲ್ಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಶಿಫ್ಟಿಗೆ ಹೊರಟ ಅಕ್ಷಯಾ ಗರಾಜಿಗೆ ಬಂದರೆ ಅದು ಗುಡಿಸಿ ಸ್ವಚ್ಛವಾಗಿತ್ತು. ಸಂಜೆಯ ಎಳ್ಳುಬೆಲ್ಲಕ್ಕೆ ಮಡಚುವ ಕುರ್ಚಿಗಳನ್ನು ತಂದು ಸಾಲಾಗಿ ಒರಗಿಸಿದ್ದರು. ಬೂಟುಗಳು ಸಿಕ್ಕಿದ್ದು ಹೊರಗೆ, ಕಸದ ಡಬ್ಬಿಯ ಮಗ್ಗುಲಲ್ಲಿ, ಬಾಯಿ ಆಕಾಶಕ್ಕೆ ತೆರೆದುಕೊಂಡು. ಒಳಗೆಲ್ಲ ನೀರು ತುಂಬಿ ಮಂಜುಗಡ್ಡೆಯಾಗಿತ್ತು. ಅಲುಗಿಸಿದರೆ ಕಲ್ಲು. ಒಳಗೆ ಬಂದು ಕೂಗಿದಳು, ಮನೆಯವರೆಲ್ಲ ಸಾಮಾನು ತರಲು ಹೋಗಿದ್ದರು. ಹಳೆಯ ಕ್ಯಾನ್ವಾಸ್ ಶೂ ಏರಿಸಿಕೊಂಡು ಹಿಮಗಟ್ಟಿದ ಫುಟ್‌ಪಾತಿನಲ್ಲಿ ಜಾರುತ್ತ ಓಡಿದಳು. ಇಡೀ ಶಿಫ್ಟು ಹಲ್ಲು ಕಚ್ಚಿಕೊಂಡೇ ನಿಂತಳು. ಮರೆತು ಹೊರಗಿಟ್ಟಿರಬಹುದು, ಕೇಳೋಣ, ಜಗಳ ಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಸಂಜೆ ಬಂದು ಬಾಗಿಲು ತೆರೆದರೆ ಕಾಲಿಡಲು ಜಾಗವಿಲ್ಲದಷ್ಟು ಬೂಟುಗಳು. ಟ್ರೇ ತುಂಬಿ, ದೇವರ ಮನೆಯ ಗೋಡೆಯುದ್ದಕ್ಕೂ ದಪ್ಪ ಟವೆಲ್ ಹಾಸಿ, ಅದರ ಮೇಲೂ ಒತ್ತಾಗಿ ಜೋಡಿಸಿದ್ದರು. ಮೊಣಕಾಲುದ್ದದ ಚರ್ಮದ ಬೂಟುಗಳು, ಗಂಡಸರ ಚರ್ಮದ ಶೂಗಳು. ನಡುವೆ ಕುರಿಚರ್ಮದ ಬೂಟುಗಳೂ ಇದ್ದವು. ಒಂದು ಜೊತೆ ಹೊಚ್ಚ ಹೊಸದು, ಅವಳದೇ ಬಣ್ಣ, ಅವಳದೇ ಅಂಗಡಿಯ ಚೀಟಿ ಇನ್ನೂ ದಾರದಲ್ಲಿ ತೂಗುತ್ತಿತ್ತು.

ರಾಜಲಕ್ಷ್ಮಿಯ ಮಗಳು ಸಾನ್ವಿ ಮೆಟ್ಟಿಲ ಮೇಲೆ ಫೋನು ನೋಡುತ್ತ ಕೂತಿದ್ದಳು.

"ಇವು ಯಾರ್ವು ಸಾನ್ವಿ?"

"ಓ, ಅಮ್ಮಂದು. ಶಿ ಜಸ್ಟ್ ಗಾಟ್ ದೆಮ್. ಕ್ಯೂಟ್, ನೋ?"

ಅಕ್ಷಯಾ ಹೊರಗೆ ಹೋಗಿ, ನೆಲಕ್ಕೆ ಅಂಟಿಕೊಂಡಿದ್ದ ಬೂಟುಗಳನ್ನು ಕಾಲಿನಿಂದ ಒದ್ದು ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ತಂದು ಟವೆಲ್ಲಿನ ಮೇಲೆ, ಆ ಹೊಸ ಜೋಡಿಯ ಪಕ್ಕಕ್ಕೆ ಧೊಪ್ಪೆಂದು ಇಟ್ಟಳು. ಸದ್ದಿಗೆ ರಾಜಲಕ್ಷ್ಮಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದಳು. ರೇಷ್ಮೆ ಸೀರೆಯ ಹಿಂದೆ ಅತಿಥಿಗಳ ಮುಖಗಳು.

"ಏನಮ್ಮ ಇದು? ಜನ ಬಂದಿದಾರೆ."

"ಅದಕ್ಕ ತಂದೀನ್ರಿ. ಎಲ್ಲಾರ್ವೂ ಒಳಗ ಅದಾವು, ನನ್ನೂವಷ್ಟ ಯಾಕ ಕಸದ ಡಬ್ಬಿ ಬಾಜೂಕ?"

"ಗರಾಜಲ್ಲಿ ಕುರ್ಚಿ ಇಡ್ಬೇಕಿತ್ತು. ಒಂದಿನಕ್ಕೆ ಹೊರಗೆ..."

"ದೇವ್ರ ಮನಿ ಬಾಜೂಕ ಚರ್ಮ ಬ್ಯಾಡ ಅಂದ್ರಲ್ರಿ. ನಿಮ್ಮ ಬೂಟು ಯಾತರದು?"

ರಾಜಲಕ್ಷ್ಮಿ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದಳು. "ನಿಂದು ವಾಸ್ನೆ ಬರ್ತಿತ್ತು ಕಣೇ."

"ಯಾವಾಗಿಂದ ಬರಾಕ ಹತ್ತಿತ್ರಿ? ಒಂದ ವಾರ ಪೂರಾ ಇಲ್ಲೇ ಇತ್ತು. ಕೆನ್ನಿಗೆ ಹಚ್ಕೊಂಡು ಮುದ್ದಾಗೇತಿ ಅಂದ್ರಿ. ನಾವು ಕುರುಬ್ರು ಅಂದ ಮರುದಿನ ವಾಸ್ನಿ ಹೊಡೀತು. ಬೂಟು ಅದ ಐತ್ರಿ ಆಂಟಿ. ನಿಮಗ ವಾಸ್ನಿ ಬಂದಿದ್ದು ನಂದು!"

ರಾಜಲಕ್ಷ್ಮಿಯ ಗಂಡ ಶ್ರೀಕಾಂತ್ ಕೈಯಾಡಿಸುತ್ತ ಮುಂದೆ ಬಂದ. "ಅಕ್ಷಯಾ, ಹಬ್ಬದ ದಿನ ಕಣಮ್ಮ. ಆಮೇಲೆ ಕೂತು ಮಾತಾಡೋಣ."

"ಪಾಪ, ಬೂಟು ಹಾಳಾಯ್ತು ಅಂತ ಬೇಜಾರು," ಎಂದಳು ಅತಿಥಿಗಳಲ್ಲೊಬ್ಬಳು. "ಹೊಸದು ಕೊಡಿಸಿದ್ರಾಯ್ತು ಬಿಡು ರಾಜಿ."

"ಬೂಟಿನ ಮಾತಲ್ರಿ ಇದು!" ಅಕ್ಷಯಾ ಕಿರುಚಿದಳು. ಅವಳ ದನಿ ಅವಳಿಗೇ ಪರಿಚಯವಿಲ್ಲದಂತೆ ಸೀಳಿ ಬಂತು. "ಇಷ್ಟೆಲ್ಲಾ ಓದೀರಿ, ಇಷ್ಟು ದೂರ ಬಂದೀರಿ. ಇದನ್ನೂ ಸೂಟ್‌ಕೇಸಿನಾಗ ಮಡಚಿ ತಂದೀರಲ್ರಿ!"

ಅತಿಥಿಗಳಲ್ಲಿ ಒಬ್ಬರು ತಟ್ಟೆಯಲ್ಲಿನ ಸಕ್ಕರೆ ಅಚ್ಚನ್ನು ನೋಡುತ್ತ ನಿಂತರು. ಅವಳ ಪರವಾಗಿ ಒಂದು ಮಾತೂ ಹೊರಡಲಿಲ್ಲ. ಅವಳು ಬೂಟುಗಳನ್ನು ಎದೆಗವಚಿಕೊಂಡು ಕೆಳಗಿಳಿದಳು. ಕರಗಿದ ನೀರು ಜಾಕೆಟ್ಟಿನಿಂದ ಮೆಟ್ಟಿಲುಗಳ ಕಾರ್ಪೆಟ್ಟಿಗೆಲ್ಲ ಇಳಿಯಿತು. ಇಳಿಯಲಿ ಎಂದುಕೊಂಡಳು.

ಬೆಳಿಗ್ಗೆ ರಾಜಲಕ್ಷ್ಮಿ ಬೇಸ್‌ಮೆಂಟಿನ ಬಾಗಿಲು ತಟ್ಟಿದಳು. ಕೈಯಲ್ಲಿ ಎಳ್ಳುಬೆಲ್ಲವಿತ್ತು, ಈ ಸಲ ಬೆಳ್ಳಿಯ ಬಟ್ಟಲಲ್ಲಿ.

"ನನ್ನನ್ನ ತಪ್ಪು ತಿಳ್ಕೋಬೇಡ ಪುಟ್ಟಾ."

"ತಪ್ಪು ತಿಳ್ಕೊಂಡಿಲ್ರಿ. ಈಗ ಸರಿಯಾಗಿ ತಿಳ್ಕೊಂಡೀನಿ," ಎಂದು ಅಕ್ಷಯಾ ಬಾಗಿಲು ಹಾಕಿಕೊಂಡಳು.

ತಿಂಗಳ ಕೊನೆಗೆ ಅವಳು ನಗರದ ಇನ್ನೊಂದು ಬದಿಯ ಎಟೋಬಿಕೋದಲ್ಲಿ ಕಾಲೇಜಿನ ಇಬ್ಬರು ಹುಡುಗಿಯರ ಜೊತೆ ಒಂದು ಕೋಣೆ ಹಿಡಿದಳು. ಬೂಟುಗಳು ಒಣಗಿದ ಮೇಲೆ ಚರ್ಮ ಬಿರುಸಾಗಿತ್ತು, ಒಳಗಿನ ಉಣ್ಣೆ ಗಂಟುಗಂಟಾಗಿತ್ತು. ಅವನ್ನೇ ಹಾಕಿಕೊಂಡು ಸೂಟ್‌ಕೇಸು ಎಳೆದು ತಂದು ಸಹಪಾಠಿ ಗೌತಮ್‌ನ ಕಾರಿಗೆ ಏರಿಸಿದಳು. ಅವನು ಬೆಂಗಳೂರಿನ ಹುಡುಗ, ಒಳ್ಳೆಯವನು. ನಡೆದದ್ದೆಲ್ಲ ಅವನಿಗೆ ಗೊತ್ತಿತ್ತು; ಹೈವೇಗೆ ಬಂದ ಮೇಲೆ ಅವಳ ಮುಖ ನೋಡಿ ಸಮಾಧಾನ ಹೇಳಲು ಹೊರಟ.

"ಬಿಡು ಅಕ್ಷಯಾ. ಅವ್ರ ಜನರೇಶನ್ನೇ ಹಾಗೆ."

"ಯಾವ ಜನರೇಶನ್? ಆಕಿಗಿನ್ನೂ ನಲವತ್ತೆರಡು. ಅಲ್ಲಿ ಕುಂತಿದ್ದೋರೊಳಗ ನಮಗಿಂತ ನಾಕೈದು ವರ್ಷ ದೊಡ್ಡವ್ರೂ ಇದ್ರು. ಅವರೇನಂದ್ರು?"

"ಅಲ್ಲಾ, ನಿನ್ ಮನಸ್ಸಿಗ್ ಯಾಕ್ ಅಷ್ಟು ಹಚ್ಕೊತೀಯ ಅಂತ..."

"ನಿಂಗ ಯಾರಾರ ಹಿಂಗ ಮಾಡ್ಯಾರೇನು?"

"ಇಲ್ಲ," ಎಂದ.

"ಹಂಗಾರ ಬಿಡು ಅನ್ನಬ್ಯಾಡ. ನಾ ಬಿಡೂದಿಲ್ಲ."

ಲಾರಿಯೊಂದು, ಹಿಮ ಕರಗಲೆಂದು ರಸ್ತೆಗೆ ಸುರಿದಿದ್ದ ಉಪ್ಪಿನ ನೀರು ಎರಚುತ್ತ ಪಕ್ಕದಲ್ಲೇ ಹಾದುಹೋಯಿತು. ಗಾಜು ಬೆಳ್ಳಗಾಯಿತು; ಗೌತಮ್ ವೈಪರ್ ಹಾಕಿದ. ಅಕ್ಷಯಾ ಮುಷ್ಟಿ ಬಿಗಿಹಿಡಿದು ಮುಂದಕ್ಕೆ ನೋಡುತ್ತ ಕೂತಿದ್ದಳು. ಆ ಸಿಟ್ಟು ಆರಲಿ ಎಂದು ಅವಳಿಗೆ ಸ್ವಲ್ಪವೂ ಅನ್ನಿಸಲಿಲ್ಲ.