ಸಂತಾಪ ಪುಸ್ತಕ

ಟೈಪಿಸ್ಟ್ ನೆಲದ ಮೇಲೆ ಮಂಡಿಯೂರಿ ಕೂತು ಬೀರುವಿನ ಕೆಳಗಿನ ಖಾನೆಯನ್ನು ಪೂರ್ತಿ ಹೊರಗೆ ಸುರಿದುಕೊಂಡಿದ್ದಳು. ಗೋಡೆಯಾಚೆ ಹಜಾರದಲ್ಲಿ, ಇಪ್ಪತ್ತೆರಡು ವರ್ಷ ಅವಳಿಗೆ ಕೆಲಸ ಕೊಟ್ಟ ಮನುಷ್ಯ ಪೆಟ್ಟಿಗೆಯಲ್ಲಿ ಮಲಗಿದ್ದರು. ಜನ ಸಾಲಾಗಿ ಬಂದು ಕೈಮುಗಿದು ಹೋಗುತ್ತಿದ್ದರು. ಅಳುವುದಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ.

"ಇದೇನೇ ಇದು? ಅವರನ್ನ ಕಳಿಸಿಕೊಡೋ ಹೊತ್ತಲ್ಲಿ ಕಾಗದ ಹರಡಿಕೊಂಡು ಕೂತಿದೀಯಾ?" ಸತ್ತವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ಒಂದೇ ಒಂದು ಕಾಗದ ಅಮ್ಮಾ. ಈಗ ಬಂದೆ."

"ಅವರೂ ಹಾಗೇ ಅಂತಿದ್ರು. ಒಂದೇ ಕಾಗದ, ಈಗ ಬಂದೆ ಅಂತ. ಮೂವತ್ತು ವರ್ಷ ಆರಿಹೋದ ಅನ್ನವನ್ನೇ ತಿಂದ್ವಿ." ಅವರು ಹಜಾರಕ್ಕೆ ತಿರುಗಿದರು.

ಶಾಸಕರಾಗಿ ನಾಲ್ಕು ಸಲ ಗೆದ್ದರೂ ಜನರ ಬಾಯಲ್ಲಿ ಅವರು ಕಂಡಕ್ಟರ್. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದಿದ್ದರು. ಮಂತ್ರಿಯಾಗಲಿಲ್ಲ, ಸಮಿತಿಯ ಅಧ್ಯಕ್ಷರೂ ಆಗಲಿಲ್ಲ. ಪ್ರಶ್ನೆ ಕೇಳಿದರು, ಅಷ್ಟೇ. ನಿರಾಶ್ರಿತರ ಆಶ್ರಮವೊಂದರ ಬಗ್ಗೆ ಅವರು ಕೇಳಿದ್ದ ಕೊನೆಯ ಪ್ರಶ್ನೆಗೆ ಆ ಖಾತೆಯ ಮಂತ್ರಿಗಳು ಈ ಬೆಳಿಗ್ಗೆ ಹನ್ನೊಂದಕ್ಕೆ ಉತ್ತರ ಹೇಳಬೇಕಿತ್ತು. ಸದನ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿತು. ಆಮೇಲೆ ಅವರ ಗೌರವಾರ್ಥವೆಂದೇ ದಿನದ ಕಲಾಪವನ್ನು ಮುಂದೂಡಿತು. ನಿಯಮ ಅಂದರೆ ನಿಯಮ: ಕೇಳಿದವನು ಇಲ್ಲದ ಮೇಲೆ ಪ್ರಶ್ನೆಯೂ ಇಲ್ಲ. ಅವರಿಗೆ ಸಂದ ಗೌರವವೇ ಅವರ ಪ್ರಶ್ನೆಯನ್ನು ನುಂಗಿಹಾಕಿತು. ಎಂಥ ಮರ್ಯಾದೆ ನೋಡಿ!

ಪ್ರಶ್ನೆ ಹೋದರೆ ಹೋಗಲಿ, ಅದಕ್ಕೆ ಆಧಾರವಾಗಿದ್ದ ಕಾಗದವಾದರೂ ಬೀಗದೊಳಗೆ ಇದೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅವಳು ಬಂದಿದ್ದಳು. ಕೊನೆಗೂ ಆ ಕಡತ ಸಿಕ್ಕಿತು. ಅದರೊಳಗೆ ಒಂದೇ ಹಾಳೆ. ಅದು ಅವಳೇ ಟೈಪ್ ಮಾಡಿದ ನಕಲು. ಮೂಲ ಇರಲಿಲ್ಲ.

* * *

ಆ ಕಾಗದವನ್ನು ಆ ನಿರಾಶ್ರಿತರ ಆಶ್ರಮದ ಆಯಾ ಒಬ್ಬಳು ಎರಡು ತಿಂಗಳ ಹಿಂದೆ ತನ್ನ ಕೈಯಾರೆ ಬರೆದು ತಂದುಕೊಟ್ಟಿದ್ದಳು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

"ಚಳಿ ಶುರುವಾದ ಮೇಲೆ ಹನ್ನೊಂದು ಜನ ಹೋದ್ರು ಸಾರ್. ಯಾರ ಮಂಚದಿಂದ ಕಂಬಳಿ ಎತ್ತಿಕೊಂಡು ಹೋಗ್ತಾರೋ, ಅವರು ವಾರದೊಳಗೆ ಇರಲ್ಲ. ಡಾಕ್ಟರು ಬರೋದೇ ಇಲ್ಲ. ಸಹಿ ಹಾಕಿದ ಮರಣ ಪತ್ರ ಮೇಜಿನೊಳಗೆ ಕಟ್ಟುಗಟ್ಟಲೆ ಇದೆ. ಹೆಸರು ತುಂಬೋದೊಂದೇ ಬಾಕಿ."

"ಯಾಕೆ ಹಾಗೆ?" ಎಂದರು ಕಂಡಕ್ಟರ್.

"ಖಾಲಿಯಾದ ಮಂಚಕ್ಕೆ ಹೊಸಬರು ಬರ್ತಾರಲ್ಲ ಸಾರ್. ಬರೋವಾಗ ಅವರ ಮನೆ, ಜಮೀನು ಎಲ್ಲ ಬರೆಸಿಕೊಂಡೇ ಒಳಗೆ ಬಿಡೋದು." ಆಕೆ ಬಾಗಿಲ ಕಡೆ ನೋಡಿದಳು. "ನನ್ನ ಹೆಸರು ಬರೆದಿಲ್ಲ."

"ಬೇಡ ತಾಯಿ. ಪ್ರಶ್ನೆ ನನ್ನದು, ಬೈಗುಳವೂ ನನಗೇ ಇರಲಿ."

ಜನ ಬರೆದ ಕಾಗದವನ್ನು ಕಂಡಕ್ಟರ್ ಎಂದೂ ಮನೆಯಿಂದ ಆಚೆ ಬಿಟ್ಟವರಲ್ಲ. ಟೈಪಿಸ್ಟ್ ನಕಲು ಮಾಡಬೇಕು, ವಿಧಾನಸಭೆಯ ಸಚಿವಾಲಯ ಆಧಾರ ಕೇಳಿದರೆ ನಕಲು ಹೋಗಬೇಕು, ಮೂಲಕ್ಕೆ ಬೀಗ. "ಅಕ್ಷರಕ್ಕೂ ಮುಖ ಇರುತ್ತೆ ಕಣಮ್ಮ" ಅನ್ನುತ್ತಿದ್ದರು. "ಟ್ರಿಪ್ ಶೀಟ್ ದೂರದಿಂದ ನೋಡಿದ್ರೆ ಸಾಕು, ಯಾವ ಪುಣ್ಯಾತ್ಮ ಬರೆದದ್ದು ಅಂತ ಹೇಳ್ತಿದ್ದೆ."

ಸದನದಲ್ಲಿ ಅವರದು ಗಟ್ಟಿ ದನಿಯಲ್ಲ. ಎದ್ದು ನಿಂತು, ಕನ್ನಡಕ ಏರಿಸಿ, ಓದಿ, ಉತ್ತರ ಬರುವ ತನಕ ಕೂರುತ್ತಲೇ ಇರಲಿಲ್ಲ. ಒಮ್ಮೆ ಇದೇ ಮಂತ್ರಿಗಳು "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂದಾಗ, "ಹೋದ ವರ್ಷವೂ ಸಂಗ್ರಹಿಸ್ತಾ ಇದ್ರಿ ಸ್ವಾಮಿ. ಇನ್ನೂ ಗಾಡಿ ಡಿಪೋ ಬಿಟ್ಟಿಲ್ವಾ?" ಅಂದರು. ಇಡೀ ಸದನ ಬಿದ್ದು ಬಿದ್ದು ನಕ್ಕಿತು. ಮಂತ್ರಿಗಳೂ ನಕ್ಕರು, ಹಲ್ಲು ಮಾತ್ರ.

ಹೋದ ಗುರುವಾರ ಅವರು ಆಸ್ಪತ್ರೆಯಲ್ಲಿದ್ದರು. ಆಧಾರ ಐದು ಗಂಟೆಯೊಳಗೆ ತಲುಪದಿದ್ದರೆ ಪ್ರಶ್ನೆ ತಿರಸ್ಕೃತ ಎಂದು ಸಚಿವಾಲಯದಿಂದ ಫೋನು ಬಂತು. ಆಗ ನಾಲ್ಕೂವರೆ. ಆಮ್ಲಜನಕದ ಮುಖವಾಡದೊಳಗಿಂದ ಅವರು "ಹೋಗು, ಹೋಗು" ಎಂದು ಕೈ ಆಡಿಸಿದರು. ಟೈಪಿಸ್ಟ್ ಈ ಮನೆಗೆ ಓಡಿ ಬಂದು, ಕಣ್ಣು ಮಂಜಾಗಿದ್ದಾಗಲೇ ಕಡತದಿಂದ ಒಂದು ಹಾಳೆ ಎಳೆದು ಲಕೋಟೆಗೆ ತುರುಕಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ನೋಡದೆ ಕಳಿಸಿದ್ದು.

* * *

ಮೂರು ಗಂಟೆಗೆ ಮಂತ್ರಿಗಳು ಬಂದರು. ಅವರ ಕಾರಿನ ಹಿಂದೆ ಒಂದು ಬಸ್ಸು. ಬಸ್ಸಿನಿಂದ ನೀಲಿ ಸಮವಸ್ತ್ರದ ಹದಿನಾಲ್ಕು ಹೆಂಗಸರು ಇಳಿದರು. ನಡುವೆ ಆ ಆಯಾ ಇದ್ದಳು.

"ಆಶ್ರಮದ ಸಿಬ್ಬಂದಿ" ಎಂದ ಮಂತ್ರಿಗಳ ಕಾರ್ಯದರ್ಶಿ, ಟೈಪಿಸ್ಟ್ ಕೇಳದಿದ್ದರೂ. ನುಣ್ಣಗೆ ಕ್ಷೌರ ಮಾಡಿದ ಮುಖ, ಮೆತ್ತನೆಯ ಮಾತು. "ಕಂಡಕ್ಟರ್ ಸಾಹೇಬ್ರು ಇವರ ಬಗ್ಗೆ ಅಷ್ಟೊಂದು ಕಾಳಜಿ ಇಟ್ಟುಕೊಂಡಿದ್ರಲ್ಲ, ಅಂತಿಮ ದರ್ಶನಕ್ಕೆ ಕರ್ಕೊಂಡು ಬನ್ನಿ ಅಂದ್ರು ಮಂತ್ರಿಗಳು. ಸಚಿವಾಲಯಕ್ಕೆ ನೀವು ಕಳಿಸಿದ ಕಾಗದ ನೋಡಿದೆ ಅಮ್ಮಾ. ಆಹಾ, ಎಂಥ ಮುತ್ತಿನಂಥ ಅಕ್ಷರ!"

ಹಾಗಾದರೆ ಗುರುವಾರ ಲಕೋಟೆಯಲ್ಲಿ ಹೋದದ್ದು ಮೂಲವೇ. ಅವನು ಬಾಗಿಲ ಬಳಿಯ ಮೇಜಿನತ್ತ ಹೋದ. ಅಲ್ಲಿ ಸಂತಾಪ ಪುಸ್ತಕ ತೆರೆದಿತ್ತು. ತನ್ನ ಜೇಬಿನ ಪೆನ್ನು ತೆಗೆದು ಮೊದಲ ಹೆಂಗಸಿಗೆ ಕೊಟ್ಟ.

"ಒಂದೊಂದು ಸಾಲು ಬರೀರಮ್ಮ. ಮನಸ್ಸಿಗೆ ಬಂದದ್ದು. ಯಾರೂ ಬಿಡಬೇಡಿ."

ಟೈಪಿಸ್ಟ್‌ಗೆ ಆಗ ಪೂರ್ತಿ ಅರ್ಥವಾಯಿತು. ಅಕ್ಷರ ಹೋಲಿಸಲೆಂದು ಆಶ್ರಮದಲ್ಲಿ ಎಲ್ಲರನ್ನೂ ಕೂರಿಸಿ ಬರೆಸಿದರೆ ನಾಳೆ ಪತ್ರಿಕೆಯಲ್ಲಿ ಸುದ್ದಿ. ಇಲ್ಲಿ ಬರೆಸಿದರೆ ಶ್ರದ್ಧಾಂಜಲಿ.

"ಅವರು ಹೇಳಲಿ, ನಾನೇ ಬರ್ಕೊಡ್ತೀನಿ" ಎಂದು ಅವಳು ಮುಂದೆ ನುಗ್ಗಿದಳು. "ಬೇಗ ಆಗುತ್ತೆ."

"ಯಾಕಮ್ಮ, ಅವರಿಗೆ ಕೈ ಇಲ್ವಾ?" ಅವನು ನಕ್ಕ. "ಅವಸರ ಏನಿಲ್ಲ. ಪುಸ್ತಕ ನಾವೇ ತಗೊಂಡು ಹೋಗ್ತೀವಿ. ಚೆನ್ನಾಗಿ ಬೈಂಡ್ ಹಾಕಿಸಿ ಮನೆಗೆ ತಲುಪಿಸ್ತೀವಿ."

ಆಯಾಳ ಸರದಿ ಬಂತು. ಟೈಪಿಸ್ಟ್ ಕಣ್ಣಲ್ಲೇ ಬೇಡ ಬೇಡ ಅಂದಳು. ಆಕೆ ನೋಡಿದ್ದು ಪೆಟ್ಟಿಗೆಯನ್ನು ಮಾತ್ರ. ಮೂಗು ಒರೆಸಿಕೊಂಡು, ಬಗ್ಗಿ, ಶಾಲೆಯ ಮಕ್ಕಳ ಹಾಗೆ ನಿಧಾನವಾಗಿ, ದುಂಡುದುಂಡಗೆ ಬರೆದಳು. ಒಂದಲ್ಲ, ನಾಲ್ಕು ಸಾಲು. ಪಾಪ, ಆಕೆಯ ಪಾಲಿಗೆ ಕಾಗದ ಇನ್ನೂ ಬೀಗದೊಳಗೇ ಇತ್ತು.

ಟೈಪಿಸ್ಟ್ ಹೋಗಿ ಕಂಡಕ್ಟರ್ ಹೆಂಡತಿಯ ಕಾಲ ಬಳಿ ಕುಸಿದು ಕೂತಳು. ನೋಡಿದವರು ದುಃಖ ಅಂದುಕೊಂಡರು.

"ಅಮ್ಮಾ, ನಾನು ಹಾಳುಗೆಡವಿಬಿಟ್ಟೆ." ಪಿಸುದನಿಯಲ್ಲಿ ಎಲ್ಲ ಹೇಳಿದಳು. ಗುರುವಾರ, ಲಕೋಟೆ, ಅಕ್ಷರ, ಪುಸ್ತಕ.

"ಅವರಿಗೆ ಗೊತ್ತಿತ್ತಾ?"

"ಇಲ್ಲ. ನನಗೇ ಈಗ ಗೊತ್ತಾಗಿದ್ದು."

"ಸದ್ಯ. ಗೊತ್ತಾಗಿದ್ರೆ ಗುರುವಾರವೇ ಹೋಗಿಬಿಡೋರು." ಅವರು ಅವಳ ಭುಜವನ್ನು ನೋಯುವಷ್ಟು ಬಿಗಿಯಾಗಿ ಹಿಡಿದರು. "ನಿನ್ನ ಕೈಗೇನು ದೊಡ್ಡ ರೋಗ ಬಂದಿತ್ತೇ? ಏಳು. ನನ್ನನ್ನ ಎಬ್ಬಿಸು."

ಮಂಡಿ ನೋವಿನ ಆ ಮುದುಕಿ ಟೈಪಿಸ್ಟ್ ತೋಳು ಹಿಡಿದು ಮೇಜಿನ ತನಕ ನಡೆದರು. ಹದಿನಾಲ್ಕನೆಯವಳು ಪೆನ್ನು ಕೆಳಗಿಡುವುದನ್ನೇ ಕಾದು, ಪುಸ್ತಕ ಮುಚ್ಚಿ, ಎದೆಗವಚಿಕೊಂಡರು. ತಿರುಗಿ ಹೋಗಿ ಗಂಡನ ಕೈಗಳನ್ನು ಎತ್ತಿ, ಅವುಗಳ ಕೆಳಗೆ ಅದನ್ನು ಇಟ್ಟರು.

"ಅಮ್ಮಾ, ಅದು ನಮ್ಮ ಕಚೇರಿಗೆ..." ಕಾರ್ಯದರ್ಶಿ ಎರಡು ಹೆಜ್ಜೆ ಮುಂದೆ ಬಂದ.

"ನಿಮ್ಮ ಕಚೇರಿದಾ? ಪುಸ್ತಕ ನನ್ನ ಮೊಮ್ಮಗಳು ಅಂಗಡಿಯಿಂದ ತಂದದ್ದು." ಅವರ ದನಿ ಹಜಾರ ಪೂರ್ತಿ ಕೇಳಿತು. "ತಮಗೆ ಬಂದ ಕಾಗದ ಓದದೆ ಇಟ್ಟವರಲ್ಲ ಇವರು. ಇದನ್ನೂ ಓದ್ಕೊಂಡು ಹೋಗಲಿ. ಬೇಕಾ? ತಗೊಳ್ಳಿ. ಅವರ ಕೈಯಿಂದ ತಗೊಳ್ಳಿ."

ಫೋಟೋದವರು ಕ್ಯಾಮೆರಾ ಎತ್ತಿದರು. ಮಂತ್ರಿಗಳು ತಲೆ ಬಾಗಿಸಿ, "ಎಂಥ ಭಾವನೆ" ಅಂದರು. ಪೆಟ್ಟಿಗೆಯ ಮುಚ್ಚಳ ಬಿತ್ತು.

* * *

ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿದಾಗ ಟೈಪಿಸ್ಟ್‌ಗೆ ಅಳು ಬಂತು. ಬೆಳಿಗ್ಗೆಯಿಂದ ತಡೆದದ್ದೆಲ್ಲ ಒಟ್ಟಿಗೆ ಬಂತು. ಸರ್ ಇನ್ನಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಯಂತ್ರದ ಮುಂದೆ ಕೂತರೆ, "ಬರ್ಕೋ ಕಣಮ್ಮ" ಅನ್ನುವವರು ಯಾರೂ ಇಲ್ಲ.

ಮುಖ ತೊಳೆದುಕೊಂಡು ಹೊರಗೆ ಬಂದರೆ ಜನ ಕರಗುತ್ತಿದ್ದರು. ನೀಲಿ ಹೆಂಗಸರು ಬಸ್ಸು ಹತ್ತಿ ಕೂತಿದ್ದರು. ಮಂತ್ರಿಗಳ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಮಂತ್ರಿಗಳು ಒಬ್ಬರೇ.

ಕಾರ್ಯದರ್ಶಿ ಬಸ್ಸಿನೊಳಗಿದ್ದ. ಮಡಿಸಿದ ಒಂದು ಕೈಬರಹದ ಹಾಳೆಯನ್ನು ಜೇಬಿನಿಂದ ತೆಗೆದು ಮೊಣಕಾಲಿನ ಮೇಲೆ ಬಿಡಿಸಿಕೊಂಡು, ಡ್ರೈವರ್‌ಗೆ ಬೆನ್ನು ಮಾಡಿ, ಹದಿನಾಲ್ಕು ಮುಖಗಳಿಗೆ ಎದುರಾಗಿ ಕೂತಿದ್ದ. ಒಂದು ಸಲ ಹಾಳೆ ನೋಡುವುದು, ಒಂದು ಸಲ ಮುಖ. ಅವನಿಗೆ ಅವಸರವೇನಿರಲಿಲ್ಲ.

ಇಂಜಿನ್ ಶುರುವಾಯಿತು. ಟೈಪಿಸ್ಟ್ ಓಡಿದಳು. ಮುಚ್ಚುತ್ತಿದ್ದ ಬಾಗಿಲಿಗೆ ಅಂಗೈಯಿಂದ ಬಡಿದಳು.

"ಏನಮ್ಮ?" ಎಂದ ಡ್ರೈವರ್.

"ಆಶ್ರಮದ ತನಕ. ಕೆಲಸ ಇದೆ."

ಕಾರ್ಯದರ್ಶಿ ತಲೆ ಎತ್ತಿ ಅವಳನ್ನು ನೋಡಿದ, ಬೇಡ ಅನ್ನಲಿಲ್ಲ. ಅವಳು ಎಲ್ಲಿ ಕೂರುತ್ತಾಳೆ ಎಂದು ಕಾದ.

ಮೂರನೆಯ ಸಾಲಿನಲ್ಲಿ ಆಯಾ ಇದ್ದಳು. ಪಕ್ಕದ ಸೀಟು ಖಾಲಿ. ಆಕೆ ಗುರುತು ಹಿಡಿದು, ಕಣ್ಣೀರಿನ ನಡುವೆಯೇ ಸ್ವಲ್ಪ ನಕ್ಕು, ಜಾಗ ಮಾಡಿಕೊಡಲು ಕಿಟಕಿಯತ್ತ ಸರಿದಳು. ಟೈಪಿಸ್ಟ್ ಆ ನಗುವನ್ನು ಕಂಡೂ ಕಾಣದವಳಂತೆ ದಾಟಿ, ಕೊನೆಯ ಸಾಲಿಗೆ ಹೋಗಿ, ಹೆಸರೂ ಗೊತ್ತಿಲ್ಲದ ಒಬ್ಬಳ ಕೈಯನ್ನು ಕಾರ್ಯದರ್ಶಿಗೆ ಕಾಣುವ ಹಾಗೆ ಗಟ್ಟಿಯಾಗಿ ಹಿಡಿದುಕೊಂಡು ಕೂತಳು.